ಅನ್ವಯಿಸುವುದಿಲ್ಲ

ಹನ್ನೆರಡು ಪ್ರಶ್ನೆ, ಒಂದೇ ಹಾಳೆ.
ಕುಶಾಲನಗರದ ಕಣ್ಣಿನ ಕ್ಲಿನಿಕ್ಕಿನಲ್ಲಿ
ಸಂತೆಯ ದಿನ ನನ್ನ ಬಾಯಿಗೆ ಬಿಡುವಿಲ್ಲ:
ಕಳೆದ ಒಂದು ವಾರದಲ್ಲಿ ನಿಮ್ಮ ಕಣ್ಣಿಗೆ...
ಸದಾ, ಬಹುಪಾಲು, ಅರ್ಧ ಹೊತ್ತು, ಆಗೀಗ, ಇಲ್ಲವೇ ಇಲ್ಲ.
ನಾಲ್ಕರಿಂದ ಸೊನ್ನೆಗೆ ಇಳಿಯುವ ಮೆಟ್ಟಿಲು;
ಯಾವ ಮೆಟ್ಟಿಲಲ್ಲಿ ಕೂತಿದ್ದೀರೋ ಅಲ್ಲಿಗೊಂದು ಗೀಟು.

ನೆಬೀಸ ಕೂತದ್ದು ಬಾಗಿಲಿಗೆ ಬೆನ್ನು ಹಾಕಿ.
ಕೇಳುವ ಮೊದಲೇ
ಬೆಳಕಿನ ಪ್ರಶ್ನೆ ಮುಗಿಯಿತು.

ಮರಳು ಬಿದ್ದ ಹಾಗೆ ಆಗುತ್ತದೆಯೇ?
"ಮರಳಲ್ಲ, ಹೊಟ್ಟು."
ಕ್ಯೂರಿಂಗ್ ವರ್ಕ್ಸಿನಲ್ಲಿ ಹತ್ತೊಂಬತ್ತು ವರ್ಷ,
ಬೆಲ್ಟಿನ ಮೇಲೆ ಹರಿದು ಬರುವ ಕಾಫಿಬೀಜದಲ್ಲಿ
ಕರಿದು, ಒಡಕು, ಹುಳ ಕೊರೆದದ್ದು ಹೆಕ್ಕುವ ಕೆಲಸ.
"ಮರಳು ಅಂತಲೇ ಬರೆಯಿರಿ,
ನಿಮ್ಮ ಕಾಗದಕ್ಕೆ ಹೊಟ್ಟು ಗೊತ್ತಿರಲಿಕ್ಕಿಲ್ಲ."

ನೋವು? ಮೂರು.
ಮಂಜು ಮಂಜು?
"ಎರಡು ಸಲ ಕರಿದು ಕಾಣದೆ ಬಿಟ್ಟೆ.
ಮೇಸ್ತ್ರಿ ಬರೆದುಕೊಂಡಿದ್ದಾನೆ."
ಅವನ ಹತ್ತಿರವೂ ಒಂದು ಹಾಳೆ.

ಓದುವಾಗ ತೊಂದರೆ?
ಓದು ಬರುವುದಿಲ್ಲ. ಅನ್ವಯಿಸುವುದಿಲ್ಲ.
ರಾತ್ರಿ ಗಾಡಿ ಓಡಿಸುವಾಗ?
ನಕ್ಕಳು. ಅನ್ವಯಿಸುವುದಿಲ್ಲ.
ಕಂಪ್ಯೂಟರ್, ಎಟಿಎಂ?
"ಕಾರ್ಡು ಅಳಿಯನ ಹತ್ತಿರ."
ಅದಕ್ಕೆ ಖಾನೆ ಇಲ್ಲ. ಅನ್ವಯಿಸುವುದಿಲ್ಲ.
ಟಿವಿ?
"ಕೇಳುತ್ತೇನೆ, ಕಣ್ಣು ಮುಚ್ಚಿ."
ಸ್ವಲ್ಪ ಯೋಚಿಸಿ ನಾಲ್ಕು ಹಾಕಿದೆ.

ಗಾಳಿಗೆ?
"ಯಾವ ಗಾಳಿ? ಹುತ್ತರಿ ಕಳೆದ ಮೇಲಿನದ್ದೋ, ಮಳೆಯದ್ದೋ?"
ಹಾಳೆಯಲ್ಲಿ ಗಾಳಿ ಒಂದೇ.
ಎಸಿ ಇರುವಲ್ಲಿ?
"ಸಾಹುಕಾರರ ಕೋಣೆಗೆ ಉಂಟು.
ಹೊರಗೆ ನಿಂತರೆ ಬಾಗಿಲಡಿಯಿಂದ ಕಾಲಿಗೆ ತಂಪು ಬಡಿಯುತ್ತದೆ."
ಕಾಲಿನದ್ದು ಕೇಳಿಲ್ಲ.

ಲೆಕ್ಕ ಹೀಗೆ: ಅಂಕವೆಲ್ಲ ಕೂಡಿಸಿ, ಇಪ್ಪತ್ತೈದರಿಂದ ಗುಣಿಸಿ,
ಉತ್ತರ ಬಂದ ಪ್ರಶ್ನೆಗಳಿಂದ ಭಾಗಿಸಬೇಕು.
ಅನ್ವಯಿಸದ್ದು ಲೆಕ್ಕದ ಹೊರಗೆ.
ಇಪ್ಪತ್ತೆರಡು ಅಂಕ, ಎಂಟು ಪ್ರಶ್ನೆ:
ಅರವತ್ತೆಂಟು ಮುಕ್ಕಾಲು.
ಮೂವತ್ತಮೂರು ದಾಟಿದರೇ ತೀವ್ರ.

ಆಮೇಲೆ ಕೆಳರೆಪ್ಪೆಯಲ್ಲಿ ಕಾಗದದ ಪಟ್ಟಿ ಸಿಕ್ಕಿಸಿ
ಐದು ನಿಮಿಷ ಕಣ್ಣು ಮುಚ್ಚಿ ಕೂರಿಸಿದೆ.
ಹತ್ತೊಂಬತ್ತು ವರ್ಷದಲ್ಲಿ ಹಗಲಿನಲ್ಲಿ
ಇಷ್ಟು ಹೊತ್ತು ಮುಚ್ಚಿದ್ದು ಇದೇ ಅಂದಳು.
ಪಟ್ಟಿ ನೆನೆದದ್ದು ಹದಿನಾಲ್ಕು ಮಿಲಿಮೀಟರ್.
ಪಟ್ಟಿಯ ಪ್ರಕಾರ ಕಣ್ಣು ಸರಿಯಿದೆ.

"ಒಣಗಿದೆ ಅಂತೀರಿ. ಮತ್ತೆ ಈ ನೀರು ಎಂತದು?"
ಡಾಕ್ಟರ್ ಮಂದಪ್ಪ ಪಟ್ಟಿ ನೋಡಿದರು, ಹಾಳೆ ನೋಡಿದರು.
"ಬರುವುದು ಬೇರೆ, ನಿಲ್ಲುವುದು ಬೇರೆ" ಎಂದರು,
"ಕೆಸುವಿನೆಲೆ ಮೇಲೆ ನೀರಿಗೇನು ಬರವೇ?"
ಹಾಳೆಯನ್ನೇ ನಂಬಿ ಔಷಧಿ ಬರೆದರು.

ಹನಿ ಹಾಕುವ ಕ್ರಮ ಹೇಳಿಕೊಡುತ್ತಿದ್ದೆ.
ಅವಳ ಕಣ್ಣು ಮೇಜಿನ ಮೇಲೆ,
ತಲೆಕೆಳಗಾಗಿ ಬಿದ್ದಿದ್ದ ಹಾಳೆಯಲ್ಲಿ.
ಜೆರಾಕ್ಸಿನ ಜೆರಾಕ್ಸು ಅದು, ಮಾಸಲು.
ನಾನು ಮನಸ್ಸಿನಲ್ಲೇ ಎಣಿಸಿದೆ, ಇಪ್ಪತ್ತರ ತನಕ,
ರೆಪ್ಪೆ ಬಡಿಯಲಿಲ್ಲ.
ಆಮೇಲೆ ಉಗುರು ಒಂದು ಅಕ್ಷರದ ಮೇಲೆ ಬಂತು:
"ಇದು ಒಡಕು."
ಇನ್ನೊಂದರ ಮೇಲೆ: "ಕರಿದು."
ಮೂರನೆಯದು: "ಇದನ್ನು ಹುಳ ತಿಂದಿದೆ, ನೋಡಿ."

ಮೂರು ವರ್ಷದಿಂದ ದಿನಾ ಓದುತ್ತಿದ್ದೇನೆ.
ಯಾವುದೂ ಕಂಡಿರಲಿಲ್ಲ.

ಅವಳು ಹೋದ ಮೇಲೆ ಆರನೇ ಪ್ರಶ್ನೆಯ ಗೀಟು ಹೊಡೆದುಹಾಕಿ
ನಾಲ್ಕು ಎಂದು ತಿದ್ದಿದೆ.
ಇಪ್ಪತ್ತಾರು, ಒಂಬತ್ತು ಪ್ರಶ್ನೆ. ಎಪ್ಪತ್ತೆರಡು ಚಿಲ್ಲರೆ.
ಔಷಧಿಯೇನೂ ಬದಲಾಗುವುದಿಲ್ಲ.

"ಮುಂದಿನವರು ಬನ್ನಿ" ಎಂದೆ.
ನನ್ನ ಕಣ್ಣು ಉರಿಯುತ್ತಿತ್ತು.